ಡಿಲೀಟ್ ಒಪ್ಪದ ಹೆಡ್‌ಮಿಸ್

ಬಣಕಲ್ ಕಡೆಯ ನಮ್ಮ ಹೈಸ್ಕೂಲಿನ ಹೆಡ್‌ಮಿಸ್ ಲಲಿತಾಕ್ಷಿಯವರು ಮೊಬೈಲ್ ಕೀಟಲೆಯ ವಾಸನೆಯನ್ನು ಬಾಗಿಲಲ್ಲೇ ಹಿಡಿಯುತ್ತಾರೆ. ಮಕ್ಕಳು ಒಟ್ಟಿಗೆ ನಕ್ಕು ಒಟ್ಟಿಗೆ ಸುಮ್ಮನಾದರೆ ಸಾಕು, ಪಾಠ ನಿಲ್ಲುತ್ತದೆ. ತಪ್ಪು ಮಾಡಿದವರು ಎಸ್ಟೇಟ್ ಮಾಲೀಕರ ಮಕ್ಕಳಾದರೂ ಅಪ್ಪ ಅಮ್ಮ ಬರಲೇಬೇಕು. "ಮಕ್ಕಳ ತಮಾಷೆ ಟೀಚರ್, ಡಿಲೀಟ್ ಮಾಡಿಸ್ತೀವಿ" ಎಂದವರಿಗೆ, "ಡಿಲೀಟ್ ಮಾಡಿದ್ರೆ ಮುಗೀಲಿಲ್ಲ. ನೊಂದ ಮಗು ಮನೆಗೆ ಹೋಗಿ ತಪ್ಪು ಒಪ್ಕೊಳ್ಳಿ" ಎಂಬ ಒಂದೇ ಉತ್ತರ. ಕಳೆದ ವರ್ಷ, ತೋಟದಲ್ಲಿ ದುಡಿಯುವ ಭಾಗಮ್ಮನ ಮಗಳು ಸ್ವಾತಿಯ ಫೋಟೋವನ್ನು ಯಾರೋ ವಿಕಾರವಾಗಿ ತಿದ್ದಿ ವಾಟ್ಸಾಪಿನಲ್ಲಿ ಹರಡಿದರು. ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು. ವಿಚಾರಿಸಿದಾಗ, ತಿದ್ದಿದವನು ಹೆಡ್‌ಮಿಸ್ಸರ ಸ್ವಂತ ಮಗ ದರ್ಶನ್ ಎಂದು ಗೊತ್ತಾಯಿತು. ಅಂದೇ ಸಂಜೆ ಅವನನ್ನು ಕರೆದುಕೊಂಡು ಅವರು ಭಾಗಮ್ಮನ ಮನೆಗೆ ಹೋದರು. "ಕೂತ್ಕೊಳ್ಳಿ ಟೀಚರ್" ಎಂದಳು ಭಾಗಮ್ಮ. "ಇವತ್ತು ಟೀಚರಾಗಿ ಬಂದಿಲ್ಲ ಭಾಗಮ್ಮ, ಇವನ ಅಮ್ಮ ಆಗಿ ಬಂದಿದ್ದೀನಿ" ಎಂದವರು, ಮಗ ಸ್ವಾತಿಯ ಮುಖ ನೋಡಿ ತಪ್ಪು ಒಪ್ಪಿಕೊಳ್ಳುವವರೆಗೂ ನಿಂತೇ ಇದ್ದರು. ಮುಂದಿನ ಸೋಮವಾರ ಸ್ವಾತಿ ತರಗತಿಗೆ ಬಂದು ಮೊದಲ ಬೆಂಚಿನಲ್ಲಿ ಕೂತಳು.