ಹೊಳೆಗೆ ಬಂದ ಎರಡು ಸಮುದ್ರದ ದೋಣಿಗಳು

೧೯೫೫ರ ಬೇಸಿಗೆ. ನಾನಾಗ ಗದಗಿನ ಒಂದು ಸರಕಾರಿ ಕಚೇರಿಯಲ್ಲಿ ಓವರ್ಸಿಯರ್. ರಸ್ತೆ, ಮೋರಿ, ಸಣ್ಣ ಸೇತುವೆಗಳ ಕೆಲಸ ನೋಡಿಕೊಳ್ಳುವ ಹುದ್ದೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವನಿಗೆ ದೋಣಿಯ ಗೊಡವೆ ಇರಬಾರದಿತ್ತು. ಆದರೆ ನೌಕರಿಯ ಮೊದಲ ವರ್ಷಗಳನ್ನು ಕಾರವಾರದ ಬಂದರಿನಲ್ಲಿ ಕಳೆದಿದ್ದೆ. ಅದೊಂದೇ ಕಾರಣಕ್ಕೆ ಈ ಕೆಲಸ ನನ್ನ ಕೊರಳಿಗೆ ಬಿತ್ತು.

ಮುಂಡರಗಿ ತಾಲೂಕಿನ ಅಂಚಿಗೆ ತುಂಗಭದ್ರೆ ಹರಿಯುತ್ತದೆ. ಈ ದಡದ ನಾವು ಆಗ ಮುಂಬಯಿ ರಾಜ್ಯದವರು, ಆ ದಡದವರು ಮೈಸೂರಿನವರು. ಹೊಲ, ಬೀಗತನ, ಸಂತೆ ಎರಡೂ ಕಡೆ. ಜನ ಹರಿಗೋಲಿನಲ್ಲಿ ದಾಟುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಒಂದು ಹರಿಗೋಲು ಮಗುಚಿ ಇಬ್ಬರು ತೀರಿಕೊಂಡ ಮೇಲೆ ಕಟ್ಟಿಗೆಯ ದೋಣಿ ಕೊಡಿಸಬೇಕೆಂದು ಮೇಲಿನಿಂದ ಆದೇಶವಾಯಿತು. ಗುತ್ತಿಗೆದಾರನೊಬ್ಬ ಕರಾವಳಿಯಿಂದ ಎರಡು ಹಳೆಯ ಮಚವೆಗಳನ್ನು, ಎಂದರೆ ಸಮುದ್ರದಲ್ಲಿ ಓಡುವ ಹಾಯಿದೋಣಿಗಳನ್ನು, ಲಾರಿಯ ಮೇಲೆ ಹೇರಿ ತಂದ. ಲಕ್ಷ್ಮೇಶ್ವರದ ಪೇಟೆಯಲ್ಲಿ ಜನ ಅಂಗಡಿ ಬಿಟ್ಟು ಬಂದು ನೋಡಿದರಂತೆ. ಶಿರಹಟ್ಟಿಯ ಹತ್ತಿರ ಒಂದು ತಿರುವಿನಲ್ಲಿ ಲಾರಿ ಸಿಕ್ಕಿಕೊಂಡು ಅರ್ಧ ದಿನ ದಾರಿ ಬಂದಾಯಿತು. ಎರಡನ್ನೂ ಹೋಲಿಸಿ ಒಂದನ್ನು ಆರಿಸುವುದು ನನ್ನ ಪಾಲಿನ ಕೆಲಸ.

ನೋಡಿದೊಡನೆ ಇವು ನಮ್ಮ ಹೊಳೆಗೆ ಒಗ್ಗುವುದಿಲ್ಲ ಎನಿಸಿತು. ಎರಡಕ್ಕೂ ತಳದಲ್ಲಿ ಮೂತಿಯಿಂದ ಹಿಂಬದಿಯವರೆಗೆ ಉದ್ದಕ್ಕೂ ದಪ್ಪನೆಯ ದಿಮ್ಮಿ ಇಳಿಬಿದ್ದಿತ್ತು. ಇದಕ್ಕೆ ಕೀಲ್ ಎನ್ನುತ್ತಾರೆ. ಸಮುದ್ರದಲ್ಲಿ ಇದು ವರ. ಅಡ್ಡಗಾಳಿ ಬೀಸಿದರೂ ದೋಣಿ ಪಕ್ಕಕ್ಕೆ ಜಾರುವುದಿಲ್ಲ, ಹಿಡಿದ ದಾರಿ ಬಿಡುವುದಿಲ್ಲ. ಆದರೆ ದೋಣಿ ತೇಲಬೇಕಾದರೆ ಕೀಲ್ ಮುಳುಗುವಷ್ಟು ನೀರು ಬೇಕು. ನಮ್ಮ ಹೊಳೆಯಲ್ಲಿ ದಸರೆ ಕಳೆದರೆ ಹಲವು ಕಡೆ ಮೊಣಕಾಲುದ್ದ ನೀರು, ಕೆಳಗೆ ಮರಳು, ನಡುನಡುವೆ ಬಂಡೆ.

ಆದರೂ ಒಪ್ಪಿಸಿದ ಕೆಲಸ ಮಾಡಲೇಬೇಕು; ಎರಡನ್ನೂ ಹೊಳೆಯ ಒಂದು ಆಳದ ಮಡುವಿನಲ್ಲಿ ಇಳಿಸಿ ನೋಡಿದೆ. ಒಂದು ಮಚವೆ ಮೀನೆಣ್ಣೆ ಕುಡಿದು ಕಪ್ಪಾಗಿತ್ತು. ನೋಡಲು ಅಂದವಿಲ್ಲ, ತಿರುಗಿಸಲು ಎಮ್ಮೆಯಷ್ಟು ನಿಧಾನ. ಆದರೆ ಸಾಗವಾನಿ ಹಲಗೆಗಳು ಗಟ್ಟಿ, ಕೀಲ್ ನೆಟ್ಟಗೆ. ಅದು ನೀರಿನೊಳಗೆ ಮೂರೂವರೆ ಅಡಿ ಮುಳುಗುತ್ತಿತ್ತು. ಇನ್ನೊಂದು ಹಸಿರು ಬಣ್ಣ ಹಚ್ಚಿದ್ದು, ಹಗುರ, ಅರ್ಧ ಅಡಿ ಕಡಿಮೆ ಮುಳುಗುತ್ತಿತ್ತು, ಹುಟ್ಟಿಗೆ ಬೇಗ ಬಗ್ಗುತ್ತಿತ್ತು. ಆದರೆ ಕೀಲ್ ಮತ್ತು ಹಲಗೆ ಕೂಡುವ ಕಡೆ ದಬ್ಬಳ ಒತ್ತಿದರೆ ಬಣ್ಣದ ಕೆಳಗಿನ ಮರ ಬೆಣ್ಣೆಯಂತೆ ಒಳಗೆ ಬಿಡುತ್ತಿತ್ತು. ಮೊಳೆಗಳೆಲ್ಲ ತುಕ್ಕು.

ನಾನು ಕೀಲ್ ಅಳೆಯುತ್ತಿದ್ದಾಗ ನೀಲವ್ವ ಬಂದು ನಿಂತಳು. ಎರಡೂ ದಡದ ಹಳ್ಳಿಗಳಿಗೆ ಆಕೆಯೇ ಸೂಲಗಿತ್ತಿ. ವಾರಕ್ಕೆ ಎರಡು ಸಲವಾದರೂ ಹೊಳೆ ದಾಟುವವಳು.

"ಯಾವ್ದು ಆರ್ಸಿದ್ರಿ ಸಾಹೇಬ್ರ?"

"ಎರಡೂ ಈ ಹೊಳಿಗೆ ಆಗಂಗಿಲ್ಲ, ನೀಲವ್ವ. ತಳ ಚಪ್ಪಟಿ ಇರೂ ದೋಣಿ ಬೇಕು."

"ಎರಡೂ ಬ್ಯಾಡ ಅಂತ ಬರದ್ರ ಈ ಮಳಿಗಾಲಕ್ಕ ಮತ್ತ ಹರಗೋಲ ಗತಿ," ಎಂದಳು. "ಅದನ್ನೂ ಲಕ್ಷ್ಯದಾಗ ಇಡ್ರಿ."

ಆಕೆ ಹೇಳಿದ್ದು ಖರೆ. ವರದಿಯಲ್ಲಿ ಹೀಗೆ ಬರೆದೆ: ಎರಡರಲ್ಲಿ ಕಪ್ಪು ಮಚವೆ ಭದ್ರವಾಗಿದೆ; ಹೊಳೆ ತುಂಬಿ ಹರಿಯುವ ತಿಂಗಳುಗಳಲ್ಲಿ ಮಾತ್ರ ಅದನ್ನು ಓಡಿಸಬಹುದು; ಉಳಿದ ಕಾಲಕ್ಕೆ ಚಪ್ಪಟೆ ತಳದ ದೋಣಿಯನ್ನು ಇಲ್ಲಿಯೇ ಕಟ್ಟಿಸಬೇಕು. ನನ್ನ ಮೇಲಧಿಕಾರಿ ಓದಿ, ಕೊನೆಯ ಎರಡು ಮಾತುಗಳ ಮೇಲೆ ಗೆರೆ ಎಳೆದರು.

"ಎರಡರಾಗ ಯಾವ್ದು ಛಲೋ ಅಂತ ಕೇಳ್ಯಾರ. ಅಷ್ಟಕ್ಕ ಉತ್ತರ ಕೊಡ್ರಿ. ಮೂರನೇದ್ದು ಯಾರು ಕೇಳ್ಯಾರ?"

ನಾನು ವಾದಿಸಿದೆ. ಅವರು ಗಡಿಯಾರ ನೋಡಿಕೊಂಡರು. ಕಪ್ಪು ಮಚವೆ ಮಂಜೂರಾಯಿತು. ನನ್ನ ಮಾತನ್ನೇ ಒಪ್ಪಿದ್ದರು, ಅರ್ಧಕ್ಕೆ. ಇಡೀ ಮಾತನ್ನು ತಳ್ಳಿಹಾಕಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಳೆಗಾಲದಲ್ಲಿ ಅದು ಚೆನ್ನಾಗಿಯೇ ಓಡಿತು, ಸುಳ್ಳು ಹೇಳಬಾರದು. ಕೆಂಪು ನೀರಿನ ಸೆಳೆತದಲ್ಲೂ ಅಲುಗಾಡದೆ ದಾಟುತ್ತಿತ್ತು. ಕಚೇರಿಯಲ್ಲಿ ನನ್ನನ್ನು ನೋಡಿ ನಕ್ಕವರಿದ್ದರು. ದೀಪಾವಳಿಯ ಹೊತ್ತಿಗೆ ನೀರು ಇಳಿಯಿತು. ಒಂದು ಮಧ್ಯಾಹ್ನ ಆಚೆ ದಡದಿಂದ ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಕರೆತರುತ್ತಿದ್ದಾಗ ಕೀಲ್ ಮರಳಿನಲ್ಲಿ ಹೂತು ದೋಣಿ ನಡುಹೊಳೆಯಲ್ಲಿ ನಿಂತುಬಿಟ್ಟಿತು. ಎಷ್ಟು ನೂಕಿದರೂ ಮಿಸುಕಲಿಲ್ಲ. ಈ ದಡದಲ್ಲಿ ಕಾಯುತ್ತಿದ್ದ ನೀಲವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ದೋಣಿಗೆ ಬಂದಳು. ಸುತ್ತಲೂ ಕಂಬಳಿ ಹಿಡಿಸಿ, ವಾಲಿದ ದೋಣಿಯೊಳಗೇ ಹೆರಿಗೆ ಮಾಡಿಸಿದಳು. ತಾಯಿ ಮಗು ಬದುಕಿದರು. ಮರುದಿನ ನಾನು ಹೋದಾಗಲೂ ದೋಣಿ ಅಲ್ಲಿಯೇ ಇತ್ತು.

ಮತ್ತೆ ಬರೆದೆ. ಇದು ಎರಡು ರಾಜ್ಯಗಳ ನಡುವಿನ ಹೊಳೆ, ಹೊಸ ದೋಣಿಗೆ ಆಚೆಯವರ ಒಪ್ಪಿಗೆ ಬೇಕು ಎಂದು ಉತ್ತರ ಬಂತು. ಆಚೆಯವರನ್ನು ಕೇಳಿದರೆ, ನಿಮ್ಮ ದೋಣಿ ನಿಮ್ಮ ಹೊಣೆ ಎಂದರು. ಇನ್ನೊಂದು ಮಳೆಗಾಲ ಹೋಯಿತು. ನವೆಂಬರಿನಲ್ಲಿ ಏಕೀಕರಣವಾಗಿ ಎರಡೂ ದಡ ಒಂದೇ ರಾಜ್ಯವಾದವು. ಗದಗಿನಲ್ಲಿ ಮೆರವಣಿಗೆ ನಡೆದ ದಿನ ನಾನೂ ಹೋಗಿದ್ದೆ. ಇನ್ನು ದೋಣಿ ಬಂದೀತು ಎಂದುಕೊಂಡೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಹೊಸ ಸಾಹೇಬರು ಹಳೆಯ ಕಾಗದಗಳನ್ನು ತರಿಸಿಕೊಂಡು ಹೇಳಿದರು:

"ಒಂದು ಕೆಲಸ ಮಾಡಿ. ಎರಡು ದೋಣಿನೂ ಇನ್ನೊಂದು ಸಲ ಹೋಲಿಸಿ ಬರೀರಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಒಮ್ಮೆ ಹೊಳೆಗೆ ಬನ್ನಿ ಸರ್," ಎಂದಷ್ಟೇ ಕೇಳಿಕೊಂಡೆ. ಪುಣ್ಯಕ್ಕೆ ಬಂದರು. ದಡದಲ್ಲಿ ನಿಂತೇ ನೋಡಿ ಹೊರಡುವವರಿದ್ದರು. ನೀಲವ್ವ ಅಡ್ಡ ನಿಂತಳು.

"ಹತ್ರಿ ಸಾಹೇಬ್ರ, ಆಚಿ ದಂಡಿಗೆ ಹೋಗಿ ಬರೂಣು. ನನಗೂ ಕೆಲಸ ಐತಿ."

ನಾಲ್ಕು ಜನರೆದುರು ಒಲ್ಲೆನೆನ್ನಲು ಅವರಿಗೆ ಬಾಯಿ ಬರಲಿಲ್ಲ. ಹೊಳೆಯ ಕಾಲುಭಾಗ ದಾಟಿರಲಿಲ್ಲ, ಕಪ್ಪು ಮಚವೆ ಗರಗರ ಎಂದು ಮರಳು ಹತ್ತಿ ವಾಲಿತು. ಅಂಬಿಗರು ನೂಕಿದರು, ನಾನೂ ಇಳಿದು ನೂಕಿದೆ. ಬಿಸಿಲು ಏರಿತು. ಕೊನೆಗೆ ಸಾಹೇಬರು ಬೂಟು ಕೈಯಲ್ಲಿ ಹಿಡಿದು, ಪ್ಯಾಂಟು ತೋಯಿಸಿಕೊಂಡು ನಡೆದು ದಡ ಸೇರಿದರು. ಸಿಟ್ಟು ನನ್ನ ಮೇಲೆ ತಿರುಗಿತು.

"ಇದನ್ನ ಮೊದಲೇ ಯಾಕ್ರೀ ಬರೀಲಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಸೀರೆಯ ಸೆರಗು ಹಿಂಡುತ್ತ ಹೇಳಿದಳು: "ಬರ್ದಿದ್ರು ಸಾಹೇಬ್ರ. ನೀವು ದೋಣಿ ಹತ್ತಿರಲಿಲ್ಲ."

ಚಪ್ಪಟೆ ತಳದ ದೋಣಿ ಮರುವರ್ಷ ನೀರಿಗಿಳಿಯಿತು. ಆಮೇಲೆ ನಾನು ನಿವೃತ್ತನಾಗುವವರೆಗೆ ಅಳತೆ ಬರೆದು ಕಳಿಸಿ ಸುಮ್ಮನೆ ಕೂರಲಿಲ್ಲ. ಮಂಜೂರು ಮಾಡುವವರನ್ನು ಹೇಗಾದರೂ ಒಪ್ಪಿಸಿ, ಕೆಲಸದ ಜಾಗಕ್ಕೆ ಕರೆದೊಯ್ದು ನಿಲ್ಲಿಸುತ್ತಿದ್ದೆ. ಕೆಲವರು ಬಂದರು, ಹಲವರು ಬರಲಿಲ್ಲ. ಬಾರದವರು ಮಂಜೂರು ಮಾಡಿದ ಕೆಲಸಗಳನ್ನು ನಾನು ಎರಡೆರಡು ಸಲ ಮಾಡಿಸಬೇಕಾಯಿತು.