ಆರು ನಿಮಿಷದ ರಿಹರ್ಸಲ್

ಸಿಡ್ನಿಯ ಪ್ಯಾರಮಟ್ಟಾದಲ್ಲಿ ನಮ್ಮ ಪಕ್ಕದ ಫ್ಲಾಟಿನ ಹುಬ್ಬಳ್ಳಿ ಹುಡುಗ ಯಾವ ಮಾತಿಗೂ ಮೊದಲು ಕನ್ನಡಕ ಮೇಲೇರಿಸಿ, "ಎಲ್ಲಾ ಪ್ಲ್ಯಾನ್ ಆಗೇತ್ರಿ, ಆಂಟಿ" ಎನ್ನುತ್ತಿದ್ದ. ಆಗಷ್ಟೇ ಮದುವೆಯಾಗಿತ್ತು. ಹನಿಮೂನಿಗೆ ಯುರೋಪು, ಅದೂ ರೈಲಿನಲ್ಲಿ: ಹನ್ನೆರಡು ದಿನಕ್ಕೆ ಎಂಟು ಊರು. ಪ್ರಿಂಟ್ ತೆಗೆದ ಹಾಳೆಯಲ್ಲಿ ಐಫೆಲ್ ಟವರಿಗೆ ನಲವತ್ತು ನಿಮಿಷ ಕೊಟ್ಟಿದ್ದ. ಮೂರು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ರೈಸ್ ಕುಕ್ಕರ್.

"ಒಂದ್ ದಿನಾನರ ಸುಮ್ನ ಕೈ ಹಿಡ್ಕೊಂಡು ಅಡ್ಡಾಡೋಣೇನ್ರಿ?" ಎಂದು ಹೆಂಡತಿ ನನ್ನೆದುರೇ ಕೇಳಿದಳು.

"ಕೈಯಾಗ ಲಗೇಜ್ ಇರ್ತೈತಲ್ಲ!" ಎಂದ.

ಒಂದು ಕಡೆ ರೈಲು ಬದಲಿಸಲು ಆರೇ ನಿಮಿಷವಿತ್ತು. ಅದಕ್ಕೆಂದು ಶನಿವಾರ ನಮ್ಮೂರ ಸ್ಟೇಷನ್ನಿನಲ್ಲೇ ರಿಹರ್ಸಲ್. ಗಡಿಯಾರ ನೋಡಲು ನಾನು. ಇಬ್ಬರೂ ಸೂಟ್‌ಕೇಸ್ ಎಳೆದುಕೊಂಡು ಪ್ಲಾಟ್‌ಫಾರ್ಮ್ ಬದಲಿಸಿ ಓಡಿದರು. ಅವನು ರೈಲು ಹತ್ತಿ ನಿಂತ, ಅವಳು ಕೆಳಗಿನಿಂದ ಒಂದೊಂದೇ ಎತ್ತಿಕೊಟ್ಟಳು. ಕೊನೆಯದು ಒಳಗೆ ಹೋದದ್ದೇ ಬಾಗಿಲು ಮುಚ್ಚಿತು. ಅವಳು ಹೊರಗೇ ಉಳಿದಳು.

ಮುಂದಿನ ಸ್ಟೇಷನ್ನಿನಿಂದ ಅವಳಿಗೆ ಫೋನ್ ಬಂತು. ನನಗೂ ಕೇಳುವಷ್ಟು ಜೋರು ದನಿ: "ಐದ ನಿಮಿಷ! ಒಂದೂ ಬಿಟ್ಟಿಲ್ಲ ನೋಡು!"

"ಭಾಳ ಚಲೋ ಆತ್ರಿ," ಎಂದಳು. "ಹಂಗಾರ ಹನಿಮೂನಿಗೂ ಆ ಸೂಟ್‌ಕೇಸ್‌ಗಳ್ನ ಕರ್ಕೊಂಡ್ ಹೋಗಿ ಬರ್ರಿ."