ಆರಾಮದ ಎರಡು ಅರ್ಥ

ನಮ್ಮ ಹುಬ್ಬಳ್ಳಿ ಕಡೆ ಎದುರಿಗೆ ಯಾರೇ ಸಿಗಲಿ, "ಆರಾಮ ಅದೀರಿಲ್ಲ?" ಎಂದು ಕೇಳಿಯೇ ಮುಂದಿನ ಮಾತು. ಆರಾಮ ಎಂದರೆ ಆರೋಗ್ಯವೂ ಹೌದು, ಕೈಕಾಲು ಚಾಚಿ ಸುಮ್ಮನೆ ಕೂರುವುದೂ ಹೌದು. ಓದುವ ಗೆಳೆಯರೇ, ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ನಾನು ನನ್ನ ಹೆಂಡತಿಯನ್ನು ಎರಡು ವರ್ಷ ಕೂಡಿಹಾಕಿದ್ದೆ. ಅದನ್ನು ಇವತ್ತು ಹೇಳಿಬಿಡಬೇಕು.

ಮಿಸ್ಡ್ ಕಾಲ್ ಕೊಟ್ಟೇ ಅರ್ಧ ಸಂಸಾರ ನಡೆಯುತ್ತಿದ್ದ ಕಾಲ. ಗಬ್ಬೂರಿನ ನಮ್ಮ ಮನೆಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನಾಕೆ ಶಾಂತಾಳಿಗೆ ಏದುಸಿರು ಬರುತ್ತಿತ್ತು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ಏರಿದೆ ಎಂದರು ವಿದ್ಯಾನಗರದ ಡಾಕ್ಟರು. ಗುಳಿಗೆ ಬರೆದುಕೊಟ್ಟು, ವಾರಕ್ಕೆರಡು ಸಲ ಆಸ್ಪತ್ರೆಗೆ ಬಂದು, ಅಲ್ಲಿನ ಸಿಬ್ಬಂದಿಯ ಕಣ್ಣೆದುರಿಗೇ ಅಳೆದು ತೂಗಿದ ವ್ಯಾಯಾಮ ಮಾಡಬೇಕೆಂದೂ ಹೇಳಿದರು. "ಇದರಿಂದ ಆರಾಮ ಅನಸ್ತದ್ರಿ" ಎಂದರು.

ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆಯ ಬಾಯ್ಲರ್ ಮಗ್ಗುಲಲ್ಲೇ ಆಯುಷ್ಯ ಕಳೆದವನು ನಾನು. ಒತ್ತಡ ಏರಿದರೆ ಬೆಂಕಿ ತಗ್ಗಿಸಬೇಕು ಎಂಬುದಷ್ಟೇ ನನಗೆ ಗೊತ್ತು. ವ್ಯಾಯಾಮಕ್ಕೆ ಹೊರಟ ಮೊದಲನೆಯ ದಿನವೇ ಬಸ್ಸಿಳಿದ ಶಾಂತಾ ತಲೆಸುತ್ತಿ ನನ್ನ ಹೆಗಲಿಗೆ ಒರಗಿದಳು. ಆಸ್ಪತ್ರೆಯ ಬಾಗಿಲು ತುಳಿಯದೆ ಮನೆಗೆ ಕರೆತಂದೆ. ಮುಂದಿನ ವಾರ ಆಕೆ ಸೀರೆ ಉಟ್ಟು ತಯಾರಾಗಿ ನಿಂತಾಗ, "ಆ ಕ್ಲಾಸು ಬಂದ್ ಆಗೇತಂತ" ಎಂದುಬಿಟ್ಟೆ.

ಅದು ಸುಳ್ಳು.

ಸುಳ್ಳಿಗೆ ಪ್ರಾಯಶ್ಚಿತ್ತವೋ ಎಂಬಂತೆ ಆರಾಮಕುರ್ಚಿ ತಂದು ಹಾಕಿದೆ. ನೀರು, ಊಟ, ತಲೆ ಬಾಚುವುದು, ಎಲ್ಲ ಕುಳಿತಲ್ಲಿಯೇ. "ಗಂಡ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಓಣಿಯ ಹೆಂಗಸರು ಹೊಗಳಿದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಶಾಂತಾ ಮಾತ್ರ, "ದೇವರ ಮಾಡಿ ಜಗಲಿ ಮ್ಯಾಲ ಕುಂದ್ರಿಸೀರಿ, ಇನ್ನ ಊದಿನಕಡ್ಡಿ ಒಂದು ಬಾಕಿ" ಎಂದು ಚುಚ್ಚುತ್ತಿದ್ದಳು. ದಿನಗಳೆದಂತೆ ಅವಳ ಕಾಲು ಸಣ್ಣಗಾದವು. ಬಚ್ಚಲಮನೆಯೂ ದೂರದ ಊರಾಯಿತು.

ಒಮ್ಮೆ ತಪಾಸಣೆಗೆ ಹೋದಾಗ ವ್ಯಾಯಾಮ ಮಾಡಿಸುವ ಹುಡುಗಿ ಅವಳ ಚೀಟಿ ಓದಿ ಕೇಳಿದಳು, "ಅಮ್ಮಾರ, ಎರಡ ವರ್ಷದ ಹಿಂದೇ ಬರದಾರಲ್ರಿ, ನಮ್ಮ ಕಡೆ ಯಾಕ ಬರಲಿಲ್ಲ?"

"ಬಂದ್ ಆಗಿತ್ತಲ್ಲವಾ?"

"ಒಂದ ದಿನಾನೂ ಬಂದ್ ಆಗಿಲ್ರಿ."

ಶಾಂತಾ ನನ್ನತ್ತ ತಿರುಗಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಅಂಜಿಕಿ ಬಂದೇತಿ ಅನ್ನಬೇಕಿತ್ತು" ಎಂದಳು ಮೆಲ್ಲಗೆ. "ನನಗೂ ಅಂಜಿಕಿ ಇತ್ತು. ಇಬ್ಬರೂ ಕೂಡಿ ಅಂಜಿಕೋಂತ ಬರತಿದ್ವಿ."

ಅಂದಿನಿಂದ ಹೋಗತೊಡಗಿದೆವು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಚಿಮಟಿಗೆಯಂಥದೊಂದನ್ನು ಸಿಕ್ಕಿಸಿ, ನಾಲ್ಕು ನಿಮಿಷ ನಡೆಸಿ, ಕೂರಿಸಿ, ಮತ್ತೆ ನಡೆಸುವರು; ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸುವರು. ರೋಗವೇನೂ ಹೋಗಲಿಲ್ಲ, ನಾನು ಕಸಿದ ಎರಡು ವರ್ಷವೂ ತಿರುಗಿ ಬರಲಿಲ್ಲ. ಆದರೂ ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಬಸ್ಸಿಳಿದವಳೇ ನನ್ನ ಕೈ ಬಿಡಿಸಿಕೊಂಡು ಮನೆಯ ಕಡೆಗೆ ತಾನೇ ನಡೆದಳು. ಅರ್ಧ ದಾರಿಯಲ್ಲಿ ಹೂವಿನವಳ ಹತ್ತಿರ ನಿಂತು ಉಸಿರು ಸಾವರಿಸಿಕೊಂಡಳು. ಆಟೋ ಕರೆಯಲೆಂದು ನನ್ನ ಕೈ ತಾನಾಗಿ ಮೇಲೆದ್ದಿತು.

"ಅಂಜಿಕಿ ಆತೇನ್ರಿ?" ಎಂದಳು, ತಿರುಗಿಯೂ ನೋಡದೆ.

ಎದ್ದ ಕೈ ಇಳಿಸಿದೆ. "ಹೂಂ, ಭಾಳ" ಎಂದೆ.

"ಹಂಗಾರ ಜೋಡಿ ಬರ್ರಿ" ಎಂದು ಮತ್ತೆ ಹೆಜ್ಜೆ ಹಾಕಿದಳು.